ಒಂದನೇ ಲಿಯೋಪೋಲ್ಡ್ (ಪವಿತ್ರ ರೋಮನ್ ಚಕ್ರವರ್ತಿ)

ಒಂದನೇ ಲಿಯೋಪೋಲ್ಡ್ (ಜೂನ್ 9, 1640 – ಮೇ 5, 1705) ಹ್ಯಾಬ್ಸ್‌ಬರ್ಗ್ ರಾಜವಂಶಕ್ಕೆ ಸೇರಿದ ಪವಿತ್ರ ರೋಮನ್ ಚಕ್ರವರ್ತಿ. ವಿಯೆನ್ನಾವನ್ನು ರಾಜಧಾನಿಯಾಗಿಸಿಕೊಂಡು 1658ರಿಂದ ಮರಣಪರ್ಯಂತ ಆಳಿದ ಈತ ಬರೋಕ್ ಯುಗದ ಸಂಗೀತಕ್ಕೆ ಆಶ್ರಯದಾತನಾಗಿದ್ದನಲ್ಲದೆ ಸ್ವತಃ ಸಂಗೀತ ಸಂಯೋಜಕನೂ ಆಗಿದ್ದನು.

ಆರಂಭಿಕ ಜೀವನ

ಈತನ ತಂದೆ ಚಕ್ರವರ್ತಿ ಮೂರನೇ ಫರ್ಡಿನೆಂಡ್, ತಾಯಿ ಸ್ಪೇನಿನ ರಾಜಕುಮಾರಿ ಮರಿಯಾ ಅನ್ನಾ. ತಂದೆಯೂ ಸಂಗೀತ ರಚಿಸುತ್ತಿದ್ದ ಅರಸ. ಹಿರಿಯ ಮಗನಲ್ಲದ ಲಿಯೋಪೋಲ್ಡ್‌ನಿಗೆ ಪಟ್ಟ ದೊರೆಯುವ ನಿರೀಕ್ಷೆಯಿರಲಿಲ್ಲ. ಧರ್ಮಗುರುವಾಗಲೆಂದೇ ಅವನಿಗೆ ಶಿಕ್ಷಣ ಕೊಡಿಸಲಾಗಿತ್ತು. 1654ರಲ್ಲಿ ಅಣ್ಣ ಸಿಡುಬಿನಿಂದ ತೀರಿಕೊಂಡಾಗ ಉತ್ತರಾಧಿಕಾರ ಅವನಿಗೆ ಬಂದಿತು. 1657ರಲ್ಲಿ ತಂದೆ ನಿಧನನಾದನು. ಮರುವರ್ಷ, ಹದಿನೆಂಟರ ಪ್ರಾಯದಲ್ಲಿ, ಲಿಯೋಪೋಲ್ಡ್ ಚಕ್ರವರ್ತಿಯಾಗಿ ಚುನಾಯಿತನಾದನು. ಬಾಲ್ಯದ ಧರ್ಮಶ್ರದ್ಧೆ ಮತ್ತು ಸಂಗೀತಾಸಕ್ತಿಗಳೆರಡೂ ಅವನಲ್ಲಿ ಕೊನೆಯವರೆಗೂ ಉಳಿದವು.

ಆಸ್ಥಾನದ ಸಂಗೀತ

ವಿಯೆನ್ನಾದ ಆಸ್ಥಾನದಲ್ಲಿ ಇಟಲಿಯ ಸಂಗೀತಗಾರರದೇ ಪ್ರಾಬಲ್ಯವಿತ್ತು. ಅಂತೋನಿಯೋ ಬೆರ್ತಾಲಿ, ಅಂತೋನಿಯೋ ದ್ರಾಗಿ ಮೊದಲಾದವರು ಇಲ್ಲಿ ಸಂಗೀತ ನಿರ್ದೇಶಕರಾಗಿದ್ದರು. 1679ರಲ್ಲಿ ಆಸ್ಟ್ರಿಯಾದವನೇ ಆದ ಯೋಹಾನ್ ಹೈನ್ರಿಖ್ ಶ್ಮೆಲ್ಟ್ಸರ್ ಆ ಸ್ಥಾನಕ್ಕೇರಿದನಾದರೂ ಮರುವರ್ಷವೇ ಪ್ಲೇಗಿಗೆ ಬಲಿಯಾದನು.

ಆ ಕಾಲದ ಅತ್ಯಂತ ವೈಭವದ ಪ್ರದರ್ಶನವೆಂದರೆ ಆಂತೋನಿಯೋ ಚೆಸ್ತಿಯ 'ಇಲ್ ಪೋಮೋ ದೋರೋ' (ಚಿನ್ನದ ಸೇಬು) ಎಂಬ ಗೀತನಾಟಕ. ಲಿಯೋಪೋಲ್ಡ್ ಮತ್ತು ಮಾರ್ಗರಿಟಾ ತೆರೇಸಾಳ ವಿವಾಹಕ್ಕಾಗಿ ಯೋಜಿಸಲಾಗಿದ್ದ ಇದು 1668ರ ಜುಲೈನಲ್ಲಿ, ರಾಣಿಯ ಹುಟ್ಟುಹಬ್ಬದ ಸಂದರ್ಭದಲ್ಲಿ, ಎರಡು ದಿನಗಳಾಗಿ ಹಂಚಿಕೊಂಡು ನಡೆಯಿತು. ಇದರ ಕೆಲವು ಭಾಗಗಳಿಗೆ ಚಕ್ರವರ್ತಿಯೇ ಸಂಗೀತ ರಚಿಸಿದ್ದನು. 1683ರಲ್ಲಿ ಆಟೊಮನ್ ತುರ್ಕರು ವಿಯೆನ್ನಾವನ್ನು ಮುತ್ತಿದಾಗ ಲಿಯೋಪೋಲ್ಡ್ ನಗರವನ್ನು ತೊರೆದು ಪಸ್ಸೌ ಪಟ್ಟಣ ಸೇರಬೇಕಾಯಿತು. ಕೋಟೆಗೋಡೆಯ ಬಳಿ ಮರದಿಂದ ಕಟ್ಟಲಾಗಿದ್ದ ಆ ರಂಗಮಂದಿರವನ್ನೂ ಬೆಂಕಿಯ ಭಯದಿಂದ ಕೆಡವಲಾಯಿತು.

ಕೃತಿಗಳು

ಲಿಯೋಪೋಲ್ಡ್‌ನ ರಚನೆಗಳಲ್ಲಿ ಧಾರ್ಮಿಕ ಕೃತಿಗಳಿಗೆ ಪ್ರಮುಖ ಸ್ಥಾನವಿದೆ. 1660ರ 'ಅಬ್ರಹಾಮನ ಬಲಿ' ಬೈಬಲ್ ಕಥೆಯನ್ನಾಧರಿಸಿದ ಆರಂಭಿಕ ಕೃತಿ. ಅವನ ವೈಯಕ್ತಿಕ ದುಃಖವೂ ಸಂಗೀತದ ರೂಪ ತಾಳಿತು. ಮಾರ್ಗರಿಟಾ 1673ರಲ್ಲಿ ತೀರಿಕೊಂಡಳು. ಎರಡನೆಯ ಪತ್ನಿ ಕ್ಲಾಡಿಯಾ ಫೆಲಿಸಿಟಾಸ್ ಕೂಡ 1676ರಲ್ಲಿ ಎಳೆಯ ಪ್ರಾಯದಲ್ಲೇ ಮರಣ ಹೊಂದಿದಳು. ಆಕೆಗಾಗಿ ಅವನು ಮೃತರ ಪ್ರಾರ್ಥನಾವಿಧಿಯ ಮೂರು ವಾಚನಗಳಿಗೆ ಸಂಗೀತ ರಚಿಸಿದನು. 1705ರಲ್ಲಿ ಅವನ ಅಂತ್ಯಕ್ರಿಯೆಯಲ್ಲಿಯೂ ಅದೇ ಕೃತಿಯನ್ನು ಹಾಡಲಾಯಿತು.

ಪರಂಪರೆ

ಅವನ ನಂತರ ಪಟ್ಟವೇರಿದ ಮಕ್ಕಳಾದ ಒಂದನೇ ಜೋಸೆಫ್ ಮತ್ತು ಆರನೇ ಚಾರ್ಲ್ಸ್ ಕೂಡ ಸಂಗೀತ ಬಲ್ಲವರಾಗಿದ್ದರು. 1892–93ರಲ್ಲಿ ಗೈಡೋ ಆಡ್ಲರ್ ಎಂಬ ವಿದ್ವಾಂಸನು ಫರ್ಡಿನೆಂಡ್, ಲಿಯೋಪೋಲ್ಡ್ ಮತ್ತು ಜೋಸೆಫ್ ಈ ಮೂವರು ಚಕ್ರವರ್ತಿಗಳ ಕೃತಿಗಳನ್ನು ಸಂಪಾದಿಸಿ ಪ್ರಕಟಿಸಿದನು. ಲಿಯೋಪೋಲ್ಡ್ ತನ್ನ ಖಾಸಗಿ ಸಂಗ್ರಹದಲ್ಲಿಟ್ಟಿದ್ದ ಸಂಗೀತದ ಹಸ್ತಪ್ರತಿಗಳು ಇಂದು ವಿಯೆನ್ನಾದ ಆಸ್ಟ್ರಿಯನ್ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ.