ಪ್ಯಾಟ್ರಿಕ್ ಮ್ಯಾನ್ಸನ್ ಮತ್ತು ನನ್ನ ಚಾರ್ಟಿನ ಒಂದು ಬಾಣ

ಅಭ್ಯಾಸ ಬೋಧನೆಯ ಎರಡನೇ ವಾರ. ಕಲಬುರಗಿ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆ, ಒಂಬತ್ತನೇ ತರಗತಿ, ದುಂಡುಹುಳುಗಳ ಪಾಠ. ನಾನು ಎರಡು ಚಾರ್ಟ್ ಬರೆದುಕೊಂಡು ಹೋಗಿದ್ದೆ. ಒಂದು ಜಂತುಹುಳುವಿನ ಜೀವನಚಕ್ರ, ಇನ್ನೊಂದು ಆನೆಕಾಲು ರೋಗ ತರುವ ಫೈಲೇರಿಯಾ ಹುಳುವಿನದು. ಜಂತುಹುಳುವಿನ ಮೊಟ್ಟೆ ಮಲದಿಂದ ಮಣ್ಣಿಗೆ, ಮಣ್ಣಿನಿಂದ ತೊಳೆಯದ ಕೈ ಮತ್ತು ಸೊಪ್ಪಿನ ಮೂಲಕ ಬಾಯಿಗೆ ಬರುವುದು, ಮರಿಹುಳು ಕರುಳಿನ ಗೋಡೆ ದಾಟಿ ಶ್ವಾಸಕೋಶ ಸುತ್ತಿ, ಗಂಟಲಿಗೆ ಬಂದು ಮತ್ತೆ ಕರುಳಿಗೇ ಇಳಿಯುವುದು, ಇದನ್ನೆಲ್ಲ ಚೆನ್ನಾಗಿಯೇ ಹೇಳಿದೆ. ಎರಡನೇ ಚಾರ್ಟ್ ತೂಗುಹಾಕಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಸೊಳ್ಳೆ ಬಿದ್ದ ನೀರು ಕುಡಿದರೂ ಆನೆಕಾಲು ಬರುತ್ತದೆಯೇ ಎಂದು ಕೇಳಿದಳು. ಅವಳ ಅಜ್ಜಿಗೆ ಎಡಗಾಲು ಊದಿದೆ, ಮನೆಯಲ್ಲಿ ಅಜ್ಜಿಗೆ ಬೇರೆಯೇ ಕೊಡ, ಬೇರೆಯೇ ಲೋಟ.

ನನ್ನ ತಲೆಯಲ್ಲಿ ಇನ್ನೂ ಮೊದಲ ಚಾರ್ಟೇ ಇತ್ತು. ಬರಬಹುದು ಎಂದುಬಿಟ್ಟೆ. ಸಾಲದ್ದಕ್ಕೆ ಸೊಳ್ಳೆಯಿಂದ ನೀರಿಗೆ, ನೀರಿನಿಂದ ಮನುಷ್ಯನಿಗೆ ಸ್ಕೆಚ್ ಪೆನ್ನಿನಲ್ಲಿ ಒಂದು ಬಾಣವನ್ನೂ ಎಳೆದೆ. ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಪಾಠ ವೀಕ್ಷಣೆಗೆ ಕುಳಿತಿದ್ದ ನಮ್ಮ ಮೇಡಂ ತರಗತಿಯಲ್ಲಿ ಏನೂ ಹೇಳಲಿಲ್ಲ. ಪಾಠಯೋಜನೆಯ ಪುಸ್ತಕದಲ್ಲಿ ಆ ಬಾಣಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಮ್ಯಾನ್ಸನ್ ಎಂಬ ಹೆಸರನ್ನಷ್ಟೇ ಬರೆದಿದ್ದರು. ಬಿ.ಎಸ್ಸಿ.ಯಲ್ಲಿ ನಾನು ಆ ಹೆಸರನ್ನು ಎರಡು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡಿದ್ದೆ. ಆ ರಾತ್ರಿ ಕುಳಿತು ಓದಿದಾಗ ಗೊತ್ತಾಯಿತು, ನಾನು ಎಳೆದ ಬಾಣವನ್ನು ನನಗಿಂತ ನೂರಾರು ಪಟ್ಟು ದೊಡ್ಡವರು ಮೊದಲೇ ಎಳೆದಿದ್ದರು.

ಪ್ಯಾಟ್ರಿಕ್ ಮ್ಯಾನ್ಸನ್ ಹುಟ್ಟಿದ್ದು 1844ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್ ಸೀಮೆಯ ಓಲ್ಡ್‌ಮೆಲ್ಡ್ರಮ್ ಎಂಬ ಊರಿನಲ್ಲಿ. ತಂದೆ ಬ್ಯಾಂಕಿನಲ್ಲಿದ್ದರು. ಹುಡುಗನಾಗಿದ್ದಾಗ ಬೆಕ್ಕೊಂದನ್ನು ಹೊಡೆದು, ಕೊಯ್ದು, ಅದರ ಕರುಳಿನಲ್ಲಿ ಲಾಡಿಹುಳು ಕಂಡನೆಂದು ಹೇಳುತ್ತಾರೆ. ಮೊದಲು ಕಲಿಯಲು ಹೋದದ್ದು ಕಬ್ಬಿಣದ ಕೆಲಸ. ಬೆನ್ನುಮೂಳೆಯ ತೊಂದರೆಯಿಂದ ಅದನ್ನು ಬಿಟ್ಟು ಅಬರ್ಡೀನಿನಲ್ಲಿ ವೈದ್ಯಶಾಸ್ತ್ರ ಓದಿದರು. 1866ರಲ್ಲಿ ಚೀನಾದ ಕಡಲ ಸುಂಕ ಇಲಾಖೆಯ ವೈದ್ಯರಾಗಿ ಇಂದಿನ ತೈವಾನಿಗೆ, 1871ರಲ್ಲಿ ಚೀನಾದ ಬಂದರು ಅಮೋಯ್‌ಗೆ ಹೋದರು. ಆ ಊರಿನ ಇಂದಿನ ಹೆಸರು ಷಿಯಾಮೆನ್.

ಅಮೋಯ್‌ನಲ್ಲಿ ಆನೆಕಾಲಿನವರು ಹೆಜ್ಜೆಹೆಜ್ಜೆಗೂ ಸಿಗುತ್ತಿದ್ದರು. ಊದಿದ ಅಂಗಗಳನ್ನು ಕತ್ತರಿಸಿ ತೆಗೆಯುವುದರಲ್ಲಿ ಮ್ಯಾನ್ಸನ್ ಹೆಸರು ಮಾಡಿದರು. ಆದರೆ ರೋಗ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರಲಿಲ್ಲ. 1875ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಬಂದಾಗ ಗ್ರಂಥಾಲಯದಲ್ಲಿ ಹುಡುಕಿದರು. ಕಲ್ಕತ್ತೆಯಲ್ಲಿ ತಿಮೋತಿ ಲೂಯಿಸ್ ಎಂಬ ಸೇನಾ ವೈದ್ಯರು 1872ರಲ್ಲಿ ಮನುಷ್ಯನ ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಹುಳುಗಳನ್ನು ಕಂಡಿದ್ದ ವಿಷಯ ಅಲ್ಲಿ ಸಿಕ್ಕಿತು. ಮದುವೆಯಾಗಿ, ಸೂಕ್ಷ್ಮದರ್ಶಕ ಹಿಡಿದು ಅಮೋಯ್‌ಗೆ ಮರಳಿದರು. ಅಷ್ಟರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಜೋಸೆಫ್ ಬ್ಯಾಂಕ್ರಾಫ್ಟ್ ಎಂಬುವರು ತಾಯಿಹುಳುವನ್ನೇ ಕಂಡುಹಿಡಿದರು. ದಾರದಂತೆ ತೆಳ್ಳಗಿನ, ಸುಮಾರು 8ರಿಂದ 10 ಸೆಂಟಿಮೀಟರ್ ಉದ್ದದ ಹೆಣ್ಣುಹುಳು. ಅದು ದುಗ್ಧರಸ ನಾಳಗಳಲ್ಲಿ ವರ್ಷಗಟ್ಟಲೆ ಬದುಕಿ, ಜೀವಂತ ಮರಿಗಳನ್ನೇ ಹೆರುತ್ತದೆ.

ಇಲ್ಲಿಂದ ಮುಂದೆ ಮ್ಯಾನ್ಸನ್ ಯೋಚಿಸಿದ ರೀತಿ ವಿಜ್ಞಾನ ಕಲಿಸುವವರಿಗೆ ಬಹಳ ಬೆಲೆಯುಳ್ಳದ್ದು ಎಂದು ನನಗನ್ನಿಸುತ್ತದೆ. ರಕ್ತದಲ್ಲಿ ಲಕ್ಷಗಟ್ಟಲೆ ಮರಿಗಳಿವೆ. ಅವೆಲ್ಲ ಅಲ್ಲೇ ಬೆಳೆದು ದೊಡ್ಡವಾದರೆ ಮನುಷ್ಯ ಉಳಿಯುವುದಿಲ್ಲ, ಅವನೊಂದಿಗೆ ಹುಳುವೂ ಉಳಿಯುವುದಿಲ್ಲ. ಆದ್ದರಿಂದ ಅವು ಹೊರಗೆ ಹೋಗಲೇಬೇಕು. ಮರಿಯ ಮೈಮೇಲೆ ಸಡಿಲವಾದ ಚೀಲದಂಥ ಪೊರೆಯಿದೆ, ಚರ್ಮ ಕೊರೆದು ತಾನಾಗಿ ಹೊರಬರಲಾರದು. ಹಾಗಿದ್ದರೆ ರಕ್ತ ಹೀರುವ ಯಾವುದೋ ಪ್ರಾಣಿ ಅದನ್ನು ಹೊರತೆಗೆಯಬೇಕು. ಹೇನು, ತಿಗಣೆ, ಚಿಗಟ ಎಲ್ಲ ದೇಶಗಳಲ್ಲೂ ಇವೆ, ಆನೆಕಾಲು ಮಾತ್ರ ಬಿಸಿಲಿನ ನಾಡುಗಳಲ್ಲಿದೆ. ಉಳಿದದ್ದು ಸೊಳ್ಳೆ.

1877ರಲ್ಲಿ ಪರೀಕ್ಷೆ ನಡೆಯಿತು. ಮ್ಯಾನ್ಸನ್ ಅವರ ಮನೆಯಲ್ಲಿ ಕೆಲಸಕ್ಕಿದ್ದ ಹಿನ್ ಲೋ ಎಂಬಾತನ ರಕ್ತದಲ್ಲಿ ಈ ಮರಿಗಳಿದ್ದವು. ದೀಪ ಹಚ್ಚಿ ಬಾಗಿಲು ತೆರೆದಿಟ್ಟ ಕೋಣೆಯಲ್ಲಿ ಆತನನ್ನು ಮಲಗಿಸಿದರು. ಸೊಳ್ಳೆ ಒಳಗೆ ಬಂದ ಮೇಲೆ ದೀಪ ಆರಿಸಿ ಬಾಗಿಲು ಹಾಕಿದರು. ಬೆಳಿಗ್ಗೆ ಹೊಟ್ಟೆತುಂಬ ರಕ್ತ ಕುಡಿದು ಗೋಡೆಗೆ ಕೂತಿದ್ದ ಸೊಳ್ಳೆಗಳನ್ನು ಹಿಡಿದು ದಿನಕ್ಕಿಷ್ಟರಂತೆ ಕೊಯ್ದು ನೋಡಿದರು. ಮರಿಹುಳು ಸೊಳ್ಳೆಯ ಹೊಟ್ಟೆಯಲ್ಲಿ ಪೊರೆ ಕಳಚಿತು, ಹೊಟ್ಟೆಯ ಗೋಡೆ ತೂರಿ ಎದೆಯ ಸ್ನಾಯುಗಳಿಗೆ ಹೋಯಿತು, ಅಲ್ಲಿ ಬೆಳೆಯತೊಡಗಿತು. ಮನುಷ್ಯನ ರೋಗದ ಜೀವಿಯೊಂದು ಕೀಟದ ಮೈಯಲ್ಲಿ ಬೆಳೆಯುವುದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ. ನಮ್ಮ ಪುಸ್ತಕಗಳಲ್ಲಿ ಮ್ಯಾನ್ಸನ್ ಹೆಸರಿದೆ, ರಾತ್ರಿಯಿಡೀ ಕಚ್ಚಿಸಿಕೊಂಡ ಹಿನ್ ಲೋ ಹೆಸರಿಲ್ಲ. ಆಳಿನ ಕೆಲಸದಲ್ಲಿದ್ದವನಿಗೆ ಬೇಡ ಎನ್ನುವ ಸ್ವಾತಂತ್ರ್ಯ ಎಷ್ಟಿತ್ತೋ ಎಂಬ ಪ್ರಶ್ನೆಯೂ ನನ್ನನ್ನು ಕಾಡಿತು.

ಇನ್ನೊಂದು ಸಂಗತಿಯನ್ನೂ ಮ್ಯಾನ್ಸನ್ ಕಂಡರು. ರಕ್ತ ಪರೀಕ್ಷಿಸಲು ಇಬ್ಬರು ಸಹಾಯಕರಿದ್ದರು, ಒಬ್ಬ ಹಗಲಿಗೆ, ಒಬ್ಬ ರಾತ್ರಿಗೆ. ರಾತ್ರಿಯವನಿಗೆ ಹುಳು ಹೆಚ್ಚು ಸಿಗುತ್ತಿದ್ದವು. ಗಂಟೆಗಂಟೆಗೆ ಎಣಿಸಿದಾಗ ಮಧ್ಯರಾತ್ರಿ ತುಂಬಿ, ಹಗಲು ಬರಿದಾಗುವ ಲೆಕ್ಕ ಹೊರಟಿತು. ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ ಮರಿಗಳು ಚರ್ಮದ ಬಳಿಯ ರಕ್ತಕ್ಕೆ ಬರುತ್ತವೆ. ಹಗಲು ಶ್ವಾಸಕೋಶದ ನಾಳಗಳಲ್ಲಿ ಅಡಗಿರುತ್ತವೆ ಎಂಬುದು ಎಷ್ಟೋ ವರ್ಷಗಳ ನಂತರ ಲಂಡನ್ನಿನಲ್ಲಿ ಶವವೊಂದನ್ನು ಪರೀಕ್ಷಿಸಿದಾಗ ಅವರಿಗೇ ತಿಳಿಯಿತು. ನಮ್ಮ ಕಡೆ ಫೈಲೇರಿಯಾ ಸಿಬ್ಬಂದಿ ರಾತ್ರಿ ಹೊತ್ತು ಮನೆಗೆ ಬಂದು ಬೆರಳಿಗೆ ಸೂಜಿ ಚುಚ್ಚುವುದು ಇದೇ ಕಾರಣಕ್ಕೆ.

ಇನ್ನು ಬಾಣದ ವಿಷಯ. ಸೊಳ್ಳೆಯಿಂದ ಹುಳು ಮತ್ತೆ ಮನುಷ್ಯನಿಗೆ ಬರುವುದು ಹೇಗೆ? ಸೊಳ್ಳೆ ಒಂದೇ ಸಲ ರಕ್ತ ಕುಡಿದು, ಕೆಲವೇ ದಿನಗಳಲ್ಲಿ ನೀರಿನ ಮೇಲೆ ಮೊಟ್ಟೆಯಿಟ್ಟು ಸಾಯುತ್ತದೆ ಎಂಬ ನಂಬಿಕೆ ಆಗ ಇತ್ತು. ಮ್ಯಾನ್ಸನ್ ಹಿಡಿದಿಟ್ಟ ಸೊಳ್ಳೆಗಳೂ ಆಹಾರವಿಲ್ಲದೆ ಬೇಗ ಸತ್ತವು, ಹೀಗಾಗಿ ನಂಬಿಕೆ ಗಟ್ಟಿಯಾಯಿತು. ಸತ್ತ ಸೊಳ್ಳೆಯಿಂದ ಹುಳು ನೀರಿಗೆ ಬರುತ್ತದೆ, ಆ ನೀರು ಕುಡಿದವರ ಮೈ ಸೇರುತ್ತದೆ ಎಂದು ಅವರು ತೀರ್ಮಾನಿಸಿದರು. ಅಷ್ಟು ಕಣ್ಣಿಟ್ಟು ನೋಡಿದವರು ಈ ಕೊನೆಯ ಹೆಜ್ಜೆಯನ್ನು ನೋಡದೆ ಊಹಿಸಿದರು.

ತಪ್ಪು ಅಲ್ಲಿಗೆ ನಿಲ್ಲಲಿಲ್ಲ. ಮ್ಯಾನ್ಸನ್ 1883ರಿಂದ ಹಾಂಗ್‌ಕಾಂಗಿನಲ್ಲಿದ್ದು, 1887ರಲ್ಲಿ ಅಲ್ಲಿನ ವೈದ್ಯಕೀಯ ಕಾಲೇಜು ಕಟ್ಟುವುದರಲ್ಲಿ ಮುಂದಾಗಿ, ಲಂಡನ್ನಿಗೆ ಬಂದು ನೆಲೆಸಿದರು. 1894ರಲ್ಲಿ ಭಾರತದಿಂದ ರಜೆಗೆ ಬಂದ ರೊನಾಲ್ಡ್ ರಾಸ್ ಅವರನ್ನು ಕಂಡರು. ರಾಸ್‌ಗೆ ಮಲೇರಿಯಾ ಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿ, ಇದನ್ನೂ ಸೊಳ್ಳೆಯಲ್ಲಿ ಹುಡುಕಲು ಹೇಳಿಕೊಟ್ಟವರು ಮ್ಯಾನ್ಸನ್. ಜೊತೆಗೆ ನೀರಿನ ಬಾಣವನ್ನೂ ಕೊಟ್ಟರು. ರಾಸ್ ಸಿಕಂದರಾಬಾದಿಗೆ ಮರಳಿ, ಒಪ್ಪಿದ ಜನರಿಗೆ ಸೊಳ್ಳೆ ಸತ್ತ ನೀರು ಕುಡಿಸಿ ಜ್ವರಕ್ಕಾಗಿ ಕಾದರು. ಒಬ್ಬನಿಗೆ ಸ್ವಲ್ಪ ಜ್ವರ ಬಂದದ್ದೂ ಇನ್ನಷ್ಟು ದಾರಿ ತಪ್ಪಿಸಿತು. 1895ರಲ್ಲಿ ಕಾಲರಾ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ರಾಸ್ ಇಲ್ಲಿಯೂ ಆ ಹುಡುಕಾಟ ಬಿಡಲಿಲ್ಲ. ಗುರುಶಿಷ್ಯರ ನಡುವೆ ನೂರಕ್ಕೂ ಹೆಚ್ಚು ಪತ್ರಗಳು ಓಡಾಡಿದವು. ಕೊನೆಗೆ 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಹಿಡಿದು ಹೋದ ರಾಸ್, ರೋಗದ ಜೀವಿ ಸೊಳ್ಳೆಯ ಜೊಲ್ಲಿನ ಗ್ರಂಥಿಯಲ್ಲಿರುವುದನ್ನು ಕಂಡರು. ದಾರಿ ನೀರಲ್ಲ, ಕಚ್ಚುವಿಕೆ. ಶಿಷ್ಯ ಕಂಡದ್ದನ್ನು ಎಡಿನ್‌ಬರೋದ ವೈದ್ಯರ ಸಭೆಯಲ್ಲಿ ಎದ್ದು ನಿಂತು ಸಾರಿದವರು ಮ್ಯಾನ್ಸನ್ನೇ.

ಫೈಲೇರಿಯಾ ಲೆಕ್ಕ ಇನ್ನೂ ಬಾಕಿಯಿತ್ತು. ಬ್ಯಾಂಕ್ರಾಫ್ಟ್ ಅವರ ಮಗ ಥಾಮಸ್, ಸೊಳ್ಳೆಗೆ ಬಾಳೆಹಣ್ಣು ತಿನ್ನಿಸಿದರೆ ವಾರಗಟ್ಟಲೆ ಬದುಕುತ್ತದೆ ಎಂದು ತೋರಿಸಿದರು. ಅಷ್ಟು ದಿನ ಬದುಕಿದ ಸೊಳ್ಳೆಗಳಲ್ಲಿ ಹುಳು ಪೂರ್ತಿ ಬೆಳೆದಿತ್ತು. ಆ ಸೊಳ್ಳೆಗಳು ಲಂಡನ್ನಿಗೆ ಬಂದವು. 1899ರಲ್ಲಿ ಮ್ಯಾನ್ಸನ್ ಶುರುಮಾಡಿಸಿದ ಉಷ್ಣವಲಯ ವೈದ್ಯಶಾಲೆಯಲ್ಲಿದ್ದ ಜಾರ್ಜ್ ಲೋ ಎಂಬ ಯುವಕ ಅವನ್ನು ತೆಳ್ಳಗೆ ಸೀಳಿ ನೋಡಿ, ಸೊಂಡಿಲಿನೊಳಗೆ ಸಾಲಾಗಿ ಮಲಗಿದ ಹುಳುಗಳನ್ನು 1900ರಲ್ಲಿ ತೋರಿಸಿದರು. ತನ್ನದೇ ಶಾಲೆಯ ಹುಡುಗ ತನ್ನ ಇಪ್ಪತ್ತು ವರ್ಷದ ಮಾತನ್ನು ಅಳಿಸಿಹಾಕಿದಾಗ ಮ್ಯಾನ್ಸನ್ ಅದನ್ನು ಒಪ್ಪಿಕೊಂಡರು. ಅದೇ ವರ್ಷ ರೋಮ್‌ನಿಂದ ತರಿಸಿದ ಮಲೇರಿಯಾ ಸೊಳ್ಳೆಗಳಿಂದ ವೈದ್ಯ ವಿದ್ಯಾರ್ಥಿಯಾಗಿದ್ದ ಅವರ ಮಗನೇ ಕಚ್ಚಿಸಿಕೊಂಡು, ಜ್ವರ ಬಂದು, ಗುಣವಾದದ್ದೂ ಉಂಟು. ಮ್ಯಾನ್ಸನ್ 1922ರಲ್ಲಿ ತೀರಿಕೊಂಡರು.

ಮರುದಿನ ಹೊಸ ಚಾರ್ಟ್ ಒಯ್ದೆ. ನಿನ್ನೆ ಹೇಳಿದ್ದು ತಪ್ಪು ಎಂದು ಮೊದಲ ಮಾತಿಗೇ ಹೇಳಿದೆ. ಗಂಟಲು ಒಣಗಿತ್ತು, ಮಕ್ಕಳು ನಗಲಿಲ್ಲ. ಹತ್ತರಿಂದ ಹದಿನಾಲ್ಕು ದಿನ ಸೊಳ್ಳೆಯಲ್ಲಿ ಬೆಳೆದ ಹುಳು ಅದು ಕಚ್ಚುವಾಗ ಚರ್ಮದ ಮೇಲೆ ಇಳಿದು, ಕಚ್ಚಿದ ತೂತಿನಿಂದ ಒಳಹೋಗುತ್ತದೆ, ಕೊಡ ಲೋಟಗಳಿಂದ ಯಾರಿಗೂ ಬರುವುದಿಲ್ಲ ಎಂದೆ. ಕಾಲು ಊದಿ ವರ್ಷಗಳಾದ ಅನೇಕರ ರಕ್ತದಲ್ಲಿ ಮರಿಹುಳುಗಳೇ ಇರುವುದಿಲ್ಲ ಎಂದೂ, ನೋಡಲು ಆರೋಗ್ಯವಾಗಿರುವವರ ರಕ್ತದಲ್ಲಿ ಇರಬಹುದು, ಅದಕ್ಕೇ ವರ್ಷಕ್ಕೊಮ್ಮೆ ಮಾತ್ರೆಯನ್ನು ಎಲ್ಲರೂ ನುಂಗಬೇಕು ಎಂದೂ ಹೇಳಿದೆ. ಆ ಹುಡುಗಿ ನೋಟ್‌ಬುಕ್ ತೆಗೆದು ನೀರಿನ ಬಾಣವನ್ನು ರಬ್ಬರಿನಿಂದ ಉಜ್ಜಿದಳು. ಪೆನ್ನಿನಲ್ಲಿ ಬರೆದಿದ್ದಳು, ಹೋಗಲಿಲ್ಲ. ಮೇಲೊಂದು ಅಡ್ಡಗೆರೆ ಎಳೆದು, ಈ ಪುಟವನ್ನು ಮನೆಯಲ್ಲಿ ತೋರಿಸುತ್ತೇನೆ, ಕೆಳಗೆ ನಿಮ್ಮ ಸಹಿ ಹಾಕಿಕೊಡಿ ಎಂದು ತಂದಳು. ಹಾಕಿಕೊಟ್ಟೆ.