ಎದೆ ಮೇಲೆ ಕೂತ ದೆವ್ವ ಮತ್ತು ಬಸವನಗುಡಿಯ ಎಚ್ಚೆನ್ ಮೇಷ್ಟ್ರು

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಇಂಥದ್ದೊಂದು ಮೆಸೇಜು ಬಂದಿರಬಹುದು. ನಡುರಾತ್ರಿ ಎಚ್ಚರವಾಗುತ್ತದೆ, ಕಣ್ಣು ಬಿಟ್ಟಿರುತ್ತದೆ, ಆದರೆ ಕೈಕಾಲು ಆಡುವುದಿಲ್ಲ, ಕೂಗೋಣವೆಂದರೆ ದನಿ ಹೊರಡುವುದಿಲ್ಲ. ಮಂಚದ ಪಕ್ಕ ಯಾರೋ ನಿಂತಿದ್ದಾರೆ, ಇಲ್ಲವೇ ಎದೆಯ ಮೇಲೆ ಏನೋ ಕೂತು ಅದುಮುತ್ತಿದೆ. ಇದು ಮೋಹಿನಿ ಕಾಟ, ದಿಂಬಿನ ಕೆಳಗೆ ಕಬ್ಬಿಣ ಇಟ್ಟುಕೊಳ್ಳಿ, ತಾಯಿತ ಕಟ್ಟಿಸಿ, ಹತ್ತು ಜನಕ್ಕೆ ಕಳಿಸಿ.

ಕಳಿಸುವ ಮೊದಲು ಐದು ನಿಮಿಷ ಕೊಡಿ. ಇಂಥ ಮಾತು ಕಿವಿಗೆ ಬಿದ್ದಾಗ ಏನು ಮಾಡಬೇಕು ಎನ್ನುವುದನ್ನೇ ಬದುಕಿಡೀ ಕಲಿಸಿದ ಮೇಷ್ಟ್ರೊಬ್ಬರು ಬಸವನಗುಡಿಯಲ್ಲಿದ್ದರು. ಅವರ ಕಾಲಕ್ಕೆ ವಾಟ್ಸಾಪ್ ಇರಲಿಲ್ಲ. ನಕಲು ಮಾಡಿ ಇನ್ನಷ್ಟು ಜನಕ್ಕೆ ಹಂಚದಿದ್ದರೆ ಕೇಡಾಗುತ್ತದೆ ಎಂದು ಹೆದರಿಸುವ ಪೋಸ್ಟ್ ಕಾರ್ಡುಗಳಿದ್ದವು. ವ್ಯತ್ಯಾಸ ಅಂಚೆ ಖರ್ಚಿನದ್ದು ಮಾತ್ರ.

ಎಚ್. ನರಸಿಂಹಯ್ಯ ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ತಮಿಳುನಾಡಿನ ಹೊಸೂರಲ್ಲ, ಇದು ಬೇರೆ. ಬಡವರ ಮನೆ. ಮುಂದೆ ಓದಬೇಕೆಂದರೆ ಬೆಂಗಳೂರಿಗೇ ಹೋಗಬೇಕಿತ್ತು, ಬಸ್ಸಿಗೆ ಕಾಸಿರಲಿಲ್ಲ. 1935ರಲ್ಲಿ ಹುಡುಗ 70 ಕಿಲೋಮೀಟರಿಗೂ ಹೆಚ್ಚು ದೂರ ನಡೆದೇ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ್ದು ಇದೇ ಹುಡುಗ. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ ಕೊನೆಯವರೆಗೂ ಮೈಮೇಲೆ ಉಳಿದವು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಹೊರಬಂದು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿಗೆ ಮೇಷ್ಟ್ರಾದರು. 1957ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ, ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದು 1960ರಲ್ಲಿ ಮರಳಿದರು.

ನಮ್ಮ ಮೋಹಿನಿಯ ಗುಟ್ಟು ಬಯಲಾಗುತ್ತಿದ್ದದ್ದೂ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಬೇರೆ ಪ್ರಯೋಗಾಲಯಗಳಲ್ಲಿ. 1953ರಲ್ಲಿ ಶಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್, ನಿದ್ದೆಯಲ್ಲಿ ಆಗಾಗ ಕಣ್ಣುಗುಡ್ಡೆಗಳು ರೆಪ್ಪೆಯೊಳಗೇ ಸರಸರ ಓಡಾಡುವ ಹಂತವೊಂದಿದೆ ಎಂದು ತೋರಿಸಿದರು. ಅದನ್ನು 'ರೆಮ್' ನಿದ್ದೆ ಎನ್ನುತ್ತಾರೆ. ಗಾಢವಾದ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. 1959ರಲ್ಲಿ ಫ್ರಾನ್ಸಿನ ಮಿಷೆಲ್ ಜೂವೆ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಈ ಹಂತದಲ್ಲಿ ದೇಹದ ಸ್ನಾಯುಗಳು ಪೂರ್ತಿ ಸಡಿಲಾಗುತ್ತವೆ ಎಂದು ಕಂಡುಕೊಂಡರು. ಮಿದುಳಿನ ಕಾಂಡವೇ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ತಡೆದಿಡುತ್ತದೆ. ಇದರಿಂದ ಅನುಕೂಲವೂ ಇದೆ: ಕನಸಿನಲ್ಲಿ ಓಡಿದರೆ ನಾವು ನಿಜಕ್ಕೂ ಎದ್ದು ಓಡುವುದಿಲ್ಲ. ಕಣ್ಣು ಮತ್ತು ಉಸಿರಾಟದ ವಪೆಗೆ ಮಾತ್ರ ಈ ತಡೆ ಅಷ್ಟಾಗಿ ತಟ್ಟುವುದಿಲ್ಲ.

ಕೆಲವೊಮ್ಮೆ ಎಚ್ಚರ ಮೊದಲು ಬರುತ್ತದೆ, ತಡೆ ತೆರವಾಗುವುದು ತಡವಾಗುತ್ತದೆ. ಕಣ್ಣು ತೆರೆದಿದೆ, ಕೋಣೆ ಕಾಣುತ್ತಿದೆ, ದೇಹ ಇನ್ನೂ ಕನಸಿನ ಸ್ಥಿತಿಯಲ್ಲಿದೆ. ಕನಸಿನ ಚೂರುಗಳು ನಿಜವಾದ ಕೋಣೆಯೊಳಗೇ ಬಂದು ನಿಲ್ಲುತ್ತವೆ. ಹೆದರಿ ದೊಡ್ಡದಾಗಿ ಉಸಿರೆಳೆಯಲು ಹೋಗುತ್ತೇವೆ, ಪಕ್ಕೆಲುಬಿನ ಸ್ನಾಯುಗಳು ಸಹಕರಿಸುವುದಿಲ್ಲ. ಎದೆಯ ಮೇಲೆ ಭಾರ ಎನಿಸುವುದಕ್ಕೆ ಇದೂ ಒಂದು ಕಾರಣ. ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷದೊಳಗೆ ಎಲ್ಲ ಸರಿಹೋಗುತ್ತದೆ. ವೈದ್ಯರು ಇದನ್ನು ಸ್ಲೀಪ್ ಪ್ಯಾರಾಲಿಸಿಸ್ ಎನ್ನುತ್ತಾರೆ. ಹೆಸರಲ್ಲಿ ಪ್ಯಾರಾಲಿಸಿಸ್ ಇದ್ದರೂ ಲಕ್ವಕ್ಕೂ ಇದಕ್ಕೂ ಸಂಬಂಧವಿಲ್ಲ.

ಈಗ ಮೇಷ್ಟ್ರ ಕಥೆಗೆ ಬರೋಣ. 1961ರಲ್ಲಿ ಎಚ್ಚೆನ್ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು. ಮರುವರ್ಷವೇ ಬೆಂಗಳೂರು ಸೈನ್ಸ್ ಫೋರಂ ಶುರುವಾಯಿತು. ವಾರಕ್ಕೊಂದು ವಿಜ್ಞಾನ ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು, ಪ್ರಶ್ನೆ ಕೇಳಬಹುದು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎನ್ನುವುದು ಅವರು ಹುಡುಗರಿಗೆ ಹೇಳುತ್ತಿದ್ದ ಮಾತು.

1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1976ರಲ್ಲಿ ಪವಾಡಗಳನ್ನೂ, ಪರೀಕ್ಷಿಸಲು ಸಾಧ್ಯವಿರುವ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿ ರಚಿಸಿದರು. ಅದು ದೇಶಕ್ಕೆಲ್ಲ ಸುದ್ದಿಯಾಯಿತು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ತಮ್ಮ ಎದುರಿಗೆ ಪವಾಡ ತೋರಿಸಿಕೊಡಿ ಎಂದು ಪತ್ರ ಬರೆದರು, ಒಂದಲ್ಲ ಮೂರು. ಆ ಪರೀಕ್ಷೆ ನಡೆಯಲೇ ಇಲ್ಲ. ಪಾಂಡವಪುರದಲ್ಲಿ ಬಾಲಕನೊಬ್ಬ ಗಾಳಿಯಿಂದ ವಿಭೂತಿ ತರುತ್ತಾನೆಂದು ಜನ ಮುಗಿಬಿದ್ದಿದ್ದಾಗ ಸಮಿತಿಯ ತಂಡ ಅಲ್ಲಿಗೇ ಹೋಯಿತು. ವಿಭೂತಿ ಬರುತ್ತಿದ್ದದ್ದು ಬಟ್ಟೆಯೊಳಗಿನಿಂದ ಎಂದು ಗೊತ್ತಾಯಿತು. ಭಕ್ತರಿಗೆ ಸಿಟ್ಟು ಬಂತು. ವಿಶ್ವವಿದ್ಯಾಲಯಕ್ಕೆ ಈ ಉಸಾಬರಿ ಏಕೆ ಎಂದವರೂ ಇದ್ದರು. 1977ರಲ್ಲಿ ಅವರ ಅವಧಿ ಮುಗಿಯಿತು, ಸಮಿತಿಯ ಕೆಲಸವೂ ನಿಂತಿತು.

ಆ ಸಮಿತಿಯ ಕಥೆ ಕೇಳಿದವರು ಸಾಮಾನ್ಯವಾಗಿ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ, ಅದೇನೆಂದರೆ ದೆವ್ವ ಪವಾಡ ಎನ್ನುವವರೆಲ್ಲ ಸುಳ್ಳುಗಾರರು ಅಂತ. ರಾತ್ರಿ ದೆವ್ವ ಕಂಡವರ ವಿಷಯದಲ್ಲಿ ಇದು ಸರಿಯಲ್ಲ. ಅವರು ಹೇಳುತ್ತಿರುವುದು ನಿಜ: ಕಂಡದ್ದು ನಿಜ, ಎದೆ ಬಿಗಿದದ್ದು ನಿಜ, ಕೈ ಆಡದಿದ್ದದ್ದೂ ನಿಜ. ಇದರಲ್ಲಿ ಕೈಚಳಕ ಯಾರದ್ದೂ ಇಲ್ಲ. ತಪ್ಪುವುದು ಕಾರಣ ಹುಡುಕುವ ಕಡೆ. ಎಚ್ಚೆನ್ ಪಾಠದಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ: ಎದುರಿನವರನ್ನು ಸುಳ್ಳುಗಾರ ಎನ್ನುವುದು ಸುಲಭ, ಏಕೆ ಹೀಗಾಯಿತು ಎಂದು ಕೇಳುವುದು ಕಷ್ಟ.

ಕೇಳಿ ನೋಡೋಣ. ಮೋಹಿನಿ ನಮ್ಮ ಊರಿನವಳೇ ಆದರೆ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಎದೆ ಮೇಲೆ ಕೂರುವ ಮುದುಕಿ ಯಾರು? ಜಪಾನಿನವರು ಇದಕ್ಕೆ ಕನಶಿಬರಿ ಎನ್ನುವುದೇಕೆ? ದೇಹಕ್ಕೆ ಆಗುವುದು ಎಲ್ಲ ಕಡೆ ಒಂದೇ, ಬರುವ ಆಕೃತಿಗೆ ಮುಖ ಕೊಡುವುದು ಅವರವರ ಅಜ್ಜಿ ಕಥೆ. ದೆವ್ವಕ್ಕೆ ವಿದ್ಯಾರ್ಥಿಗಳೇ ಏಕೆ ಇಷ್ಟ? ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2011ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಜೀವನದಲ್ಲಿ ಒಮ್ಮೆಯಾದರೂ ಇದು ಆದವರು ಸಾಮಾನ್ಯ ಜನರಲ್ಲಿ ನೂರಕ್ಕೆ 7ರಿಂದ 8, ವಿದ್ಯಾರ್ಥಿಗಳಲ್ಲಿ ಸುಮಾರು 28. ನಿದ್ದೆಗೆಟ್ಟು ಓದುವುದು, ರಾತ್ರಿ ಪಾಳಿ, ಹೊತ್ತಿಲ್ಲದ ಹೊತ್ತಿನಲ್ಲಿ ಮಲಗುವುದು, ಚಿಂತೆ, ಅಂಗಾತ ಮಲಗುವುದು, ಇವೆಲ್ಲ ಇದಕ್ಕೆ ದಾರಿ ಮಾಡಿಕೊಡುತ್ತವೆ.

ಇನ್ನು ತಾಯಿತ. ಕಟ್ಟಿಸಿದ ಮೇಲೆ ಮತ್ತೆ ಬರಲಿಲ್ಲ ಎನ್ನುವವರು ಬಹಳ ಜನ ಸಿಗುತ್ತಾರೆ. ಆದರೆ ಹೆಚ್ಚಿನವರಿಗೆ ಇದು ಬದುಕಿನಲ್ಲಿ ಆಗುವುದೇ ಬೆರಳೆಣಿಕೆಯಷ್ಟು ಸಲ. ಏನೂ ಕಟ್ಟಿಸದಿದ್ದರೂ ನಿಲ್ಲುತ್ತಿತ್ತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ತಾಯಿತದ ದುಡ್ಡು ಹೋದರೆ ಹೋಗಲಿ. ಮನೆಯ ಹೆಣ್ಣುಮಗಳಿಗೆ ಗಾಳಿ ಹಿಡಿದಿದೆ ಎಂದು ಮಂತ್ರವಾದಿಯ ಮುಂದೆ ಕೂರಿಸುವುದು ಹಾಗಲ್ಲ, ಆ ಹೆಸರು ಅವಳ ಬೆನ್ನು ಬಿಡುವುದಿಲ್ಲ.

ಹಾಗಾದರೆ ಆ ಹೊತ್ತಿನಲ್ಲಿ ಏನು ಮಾಡುವುದು? ಪೂರ್ತಿ ಮೈ ಕೊಡವಿ ಏಳಲು ಒದ್ದಾಡಬೇಡಿ, ಗಾಬರಿ ಹೆಚ್ಚುತ್ತದೆ. ಇದು ಮುಗಿಯುತ್ತದೆ ಎಂದು ನೆನಪಿಸಿಕೊಂಡು, ಒಂದು ಬೆರಳನ್ನೋ ಕಾಲ್ಬೆರಳನ್ನೋ ಆಡಿಸಲು ನೋಡಿ. ಮಗ್ಗುಲಾಗಿ ಮಲಗಿ, ದಿನಾ ಒಂದೇ ಹೊತ್ತಿಗೆ ಮಲಗಿ. ಪದೇ ಪದೇ ಆಗುತ್ತಿದ್ದರೆ, ಹಗಲಲ್ಲಿ ತಡೆಯಲಾಗದ ನಿದ್ದೆ ಬರುತ್ತಿದ್ದರೆ, ಜೋರಾಗಿ ನಕ್ಕಾಗ ಮಂಡಿ ಕುಸಿದಂತಾಗುತ್ತಿದ್ದರೆ ವೈದ್ಯರಿಗೆ ತೋರಿಸಿ. ಅದು ನಾರ್ಕೊಲೆಪ್ಸಿ ಎಂಬ ಕಾಯಿಲೆ ಇರಬಹುದು, ಅದಕ್ಕೆ ಔಷಧಿಯಿದೆ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದು ನೆನಪಿರುವವರು ನಮ್ಮ ಓದುಗರಲ್ಲಿದ್ದಾರೆ. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸಾಗುತ್ತದೆ ಎಂಬ ನಂಬಿಕೆ. ಫೋನಿಲ್ಲದೆಯೂ ಫಾರ್ವರ್ಡ್ ಆದ ಸುದ್ದಿ ಅದು. ಆಗ ಎಚ್ಚೆನ್‌ಗೆ ಎಪ್ಪತ್ತು ದಾಟಿತ್ತು. 1984ರಲ್ಲಿ ಪದ್ಮಭೂಷಣ ಬಂದಿತ್ತು, ಕುಲಪತಿಯಾಗಿದ್ದರು, ವಿಧಾನ ಪರಿಷತ್ತಿನಲ್ಲೂ ಕೂತಿದ್ದರು. ಮದುವೆಯಾಗಲಿಲ್ಲ, ಸ್ವಂತ ಮನೆ ಮಾಡಲಿಲ್ಲ. ವಾಸ ಆಗಲೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ. ತಮ್ಮ ಬದುಕಿನ ಕಥೆಯನ್ನು 'ಹೋರಾಟದ ಹಾದಿ' ಎಂಬ ಹೆಸರಿನಲ್ಲಿ ಬರೆದರು. 2005ರ ಜನವರಿ 31ರಂದು ತೀರಿಕೊಂಡರು. ಸೈನ್ಸ್ ಫೋರಂನ ಉಪನ್ಯಾಸಗಳು ಬಸವನಗುಡಿಯ ಅದೇ ಕಾಲೇಜಿನಲ್ಲಿ ಮುಂದುವರಿದಿವೆ, ಜುಲೈ ತಿಂಗಳಲ್ಲಿ ವಿಜ್ಞಾನ ಉತ್ಸವವೂ ನಡೆಯುತ್ತದೆ.