ಆರು ಕೂದಲಲ್ಲಿ ಎರಡು

ಬೋಳುತಲೆಗೆ ಕೂದಲು ನಾಟುವ ವಿದ್ಯೆ ಇತ್ತೀಚಿನದೆಂದು ನಂಬಿದವರು ಬಹಳ. ಅದರ ಮೂಲವನ್ನು ಅರಸುತ್ತ ಹೋದರೆ, ಎರಡು ಶತಮಾನಗಳ ಹಿಂದಿನ ಒಬ್ಬ ಜರ್ಮನ್ ಶಸ್ತ್ರವೈದ್ಯನ ಹೆಸರು ಎದುರಾಗುತ್ತದೆ: ಯೋಹಾನ್ ಫ್ರೀಡ್ರಿಖ್ ಡೀಫೆನ್‌ಬಾಖ್. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ತರುಣರು ಕನ್ಯೆ ನೋಡಲು ಹೊರಡುವ ಮುನ್ನ, ಕೂದಲನ್ನು ಯಾವ ಪದ್ಧತಿಯಿಂದ ನಾಟಿಸಿಕೊಳ್ಳಬೇಕೆಂದು ನನ್ನಂಥ ಶಾಲಾ ಮಾಸ್ತರನನ್ನೂ ಕೇಳುವುದುಂಟು. ಅವರಿಗೆ ನಾನು ಈತನ ಚರಿತ್ರೆಯನ್ನೇ ಹೇಳುತ್ತೇನೆ.

ಡೀಫೆನ್‌ಬಾಖ್ ೧೭೯೨ರಲ್ಲಿ ಪ್ರಶ್ಯದ ಕ್ಯೋನಿಗ್ಸ್‌ಬರ್ಗಿನಲ್ಲಿ ಜನಿಸಿದ. ಮೊದಲು ಓದಿದ್ದು ಕ್ರೈಸ್ತ ಧರ್ಮಶಾಸ್ತ್ರ. ನೆಪೋಲಿಯನ್ನನ ವಿರುದ್ಧ ಯುದ್ಧ ಬಂದಾಗ ಸ್ವಇಚ್ಛೆಯಿಂದ ಸೈನ್ಯ ಸೇರಿದ. ಯುದ್ಧ ಮುಗಿದ ಮೇಲೆ ವೈದ್ಯಶಾಸ್ತ್ರದತ್ತ ಹೊರಳಿ, ೧೮೨೨ರಲ್ಲಿ ವುರ್ತ್ಸ್‌ಬುರ್ಗಿನಲ್ಲಿ ಪದವಿ ಪಡೆದ. ಆತನ ಪ್ರಬಂಧದ ವಿಷಯ ಅಂಗಾಂಶಗಳ ಪುನರುತ್ಪತ್ತಿ ಮತ್ತು ಕಸಿ. ಅದಕ್ಕಾಗಿ ತನ್ನ ದೇಹವನ್ನೇ ಪ್ರಯೋಗಶಾಲೆಯಾಗಿಸಿಕೊಂಡ. ತೋಳಿನಲ್ಲಿ ಸೂಜಿಯಿಂದ ಆರು ರಂಧ್ರ ಮಾಡಿ, ತನ್ನದೇ ತಲೆಯ ಆರು ಕೂದಲನ್ನು ಅಲ್ಲಿ ನೆಟ್ಟ. ಎರಡು ಬೇರೂರಿದವು, ನಾಲ್ಕು ಒಣಗಿಯೋ ಕೀವುಗಟ್ಟಿಯೋ ಹೋದವು. ಗೆದ್ದ ಎರಡನ್ನು ಮಾತ್ರ ಹೇಳಿ ಕೀರ್ತಿ ಗಳಿಸಬಹುದಾಗಿತ್ತು. ಆತ ಸೋತ ನಾಲ್ಕನ್ನೂ ಬರೆದಿಟ್ಟ. ನನಗೆ ಆತ ದೊಡ್ಡವನಾಗಿ ಕಾಣುವುದು ಅಲ್ಲಿ.

ಮುಂದೆ ಬರ್ಲಿನ್ನಿನಲ್ಲಿ ಆತನ ಹೆಸರು ಹಬ್ಬಿದ್ದು ಮುಖದ ಶಸ್ತ್ರಚಿಕಿತ್ಸೆಯಿಂದ. ಕಳೆದುಹೋದ ಮೂಗನ್ನು ಮತ್ತೆ ಕಟ್ಟಲು ಆಗ ಎರಡು ಮುಖ್ಯ ಪದ್ಧತಿಗಳಿದ್ದವು. ಇಟಲಿಯ ಪದ್ಧತಿಯಲ್ಲಿ ತೋಳಿನ ಚರ್ಮ ಬೇಕು; ರೋಗಿ ಹಲವು ದಿನ ತೋಳನ್ನು ಮುಖಕ್ಕೆ ಕಟ್ಟಿಕೊಂಡಿರಬೇಕು. ನಮ್ಮ ದೇಶದ ಪದ್ಧತಿಯಲ್ಲಿ ಹಣೆಯ ಚರ್ಮವನ್ನು ಬುಡ ಕಡಿಯದೆ ಕೆಳಕ್ಕೆ ತಿರುಗಿಸಿ ಮೂಗು ಮಾಡುತ್ತಾರೆ. ಪುಣೆಯ ಕಡೆ ನಡೆದ ಇಂಥ ಚಿಕಿತ್ಸೆಯ ವೃತ್ತಾಂತ ೧೭೯೪ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಯುರೋಪಿಗೆ ತಿಳಿದಿತ್ತು. ಡೀಫೆನ್‌ಬಾಖ್ ಈ ಹಣೆಯ ಪದ್ಧತಿಯನ್ನು ಕೈಗೊಂಡು ತಿದ್ದಿ ಬೆಳೆಸಿದ. ೧೮೩೯ರಲ್ಲಿ ಮೆಳ್ಳೆಗಣ್ಣಿನ ಸ್ನಾಯುವನ್ನು ಕತ್ತರಿಸಿ ಸರಿಪಡಿಸಿದ; ೧೮೪೦ರಲ್ಲಿ ಗ್ರೇಫನ ತರುವಾಯ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾಲಯದ ಮುಖ್ಯಸ್ಥನಾದ.

ಆದರೆ ಇದೇ ಮಹನೀಯ ೧೮೪೧ರಲ್ಲಿ ತೊದಲು ಮಾತು ಗುಣವಾಗಲೆಂದು ನಾಲಗೆಗೇ ಕತ್ತಿ ಹಾಕಿದ. ಅದು ಕೆಲವೇ ತಿಂಗಳಲ್ಲಿ ಹಲವು ದೇಶಗಳ ಶಸ್ತ್ರವೈದ್ಯರ ಹುಚ್ಚಾಯಿತು. ಎಷ್ಟೋ ರೋಗಿಗಳು ನರಳಿದರು, ಕೆಲವರು ಸತ್ತರು, ತೊದಲು ಮಾತ್ರ ಹೋಗಲಿಲ್ಲ. ಬೇಗನೆ ಎಲ್ಲರೂ ಅದನ್ನು ಕೈಬಿಟ್ಟರು. ಲೆಕ್ಕವಿಟ್ಟು ನಡೆದಾಗ ಬೆಳೆದ ಶಾಸ್ತ್ರವು, ಲೆಕ್ಕಕ್ಕೆ ಮುಂಚೆ ಓಡಿದಾಗ ಹೇಗೆ ಎಡವುತ್ತದೆಂಬುದಕ್ಕೆ ಒಬ್ಬನ ಬಾಳಿನಲ್ಲೇ ಎರಡೂ ಸಾಕ್ಷಿಗಳಿವೆ. ೧೮೪೭ರ ನವೆಂಬರಿನಲ್ಲಿ, ತಾನು ಪಾಠ ಹೇಳುತ್ತಿದ್ದ ಚಿಕಿತ್ಸಾಲಯದಲ್ಲೇ ಆತ ಪ್ರಾಣ ಬಿಟ್ಟ.

ಕೂದಲಿನ ಕಸಿಯನ್ನು ಆತ ಬೋಳುತಲೆಯವರೆಗೆ ಒಯ್ಯಲಿಲ್ಲ. ೧೯೩೯ರಲ್ಲಿ ಜಪಾನಿನ ಒಕುಡಾ, ೧೯೫೯ರಲ್ಲಿ ಅಮೆರಿಕದ ಓರೆಂಟ್ರೈಖ್ ಆ ಹಾದಿಯನ್ನು ಮುಂದುವರಿಸಿದರು. ಹಿಂದಲೆಯ ಕೂದಲನ್ನು ಮುಂದಲೆಗೆ ತಂದರೂ ಅದು ಹಿಂದಲೆಯ ಗುಣವನ್ನೇ ಉಳಿಸಿಕೊಳ್ಳುತ್ತದೆಂದು ಓರೆಂಟ್ರೈಖ್ ತೋರಿಸಿದ. ಯಾವ ಹೊಲದಲ್ಲಿ ಬಿತ್ತಿದರೂ ತೊಗರಿ ತೊಗರಿಯೇ ಅಲ್ಲವೆ?

ಇಂದಿನ ಎರಡು ಪದ್ಧತಿಗಳೂ ಈ ಸತ್ಯದ ಮೇಲೆಯೇ ನಿಂತಿವೆ. ಎಫ್.ಯು.ಟಿ. ಎಂಬುದರಲ್ಲಿ ಹಿಂದಲೆಯ ಚರ್ಮದ ಒಂದು ಪಟ್ಟಿಯನ್ನೇ ತೆಗೆದು, ಹೊಲಿಗೆ ಹಾಕಿ, ಪಟ್ಟಿಯಿಂದ ಬೇರುಗಳನ್ನು ಬಿಡಿಸುತ್ತಾರೆ. ಉದ್ದನೆಯ ಗೆರೆಯಂಥ ಕಲೆ ಉಳಿಯುತ್ತದೆ. ಎಫ್.ಯು.ಇ.ಯಲ್ಲಿ ಸುಮಾರು ಒಂದು ಮಿಲಿಮೀಟರ್ ಅಗಲದ ಕೊಳವೆಯಲಗಿನಿಂದ ಬೇರುಗಳನ್ನು ಒಂದೊಂದಾಗಿ ಕೀಳುತ್ತಾರೆ. ಗೆರೆ ಬೀಳದು, ಆದರೆ ಚುಕ್ಕೆಗಲೆಗಳು ಹರಡುತ್ತವೆ. ಕೂದಲನ್ನು ತೀರ ಗಿಡ್ಡವಾಗಿ ಕತ್ತರಿಸಿಕೊಳ್ಳುವವನಿಗೆ ಎರಡನೆಯದು ಒಪ್ಪೀತು. ಗೆರೆಯನ್ನು ಕೂದಲಲ್ಲಿ ಮುಚ್ಚಿಕೊಳ್ಳಬಲ್ಲವನಿಗೆ ಮೊದಲನೆಯದೂ ಸಲ್ಲೀತು.

ಆದರೆ ಎರಡಕ್ಕೂ ಹಗೇವು ಒಂದೇ, ಅದು ಹಿಂದಲೆ. ಅಲ್ಲಿಂದ ತೆಗೆದ ಬೇರು ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಇಪ್ಪತ್ತೆರಡರ ಹುಡುಗ ಹಗೇವನ್ನು ಒಮ್ಮೆಲೇ ಬರಿದುಮಾಡಿಕೊಂಡರೆ, ನಲವತ್ತರಲ್ಲಿ ಉಳಿದ ಕೂದಲು ಉದುರಿದಾಗ ನೆಡಲು ಏನಿದ್ದೀತು? ಆದ್ದರಿಂದ ಪದ್ಧತಿಯ ಪ್ರಶ್ನೆ ಎರಡನೆಯದು. ಕತ್ತಿ ಹಿಡಿಯುವವನು ಯಾರು ಎಂಬುದು ಮೊದಲನೆಯದು. ೨೦೨೨ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಕಾರ್ಯಾಗಾರ ನೋಡಿಯೋ ಯೂಟ್ಯೂಬ್ ನೋಡಿಯೋ ಕಲಿತದ್ದು ಈ ಕೆಲಸಕ್ಕೆ ತರಬೇತಿಯಾಗದೆಂದು ಸ್ಪಷ್ಟಪಡಿಸಿತು.

ಅಪ್ಪ ತೊಗರಿ ಮಾರಿ ಕೂಡಿಟ್ಟ ಹಣವನ್ನು ಕೊಡುವ ಮುನ್ನ, ತರುಣನು ವೈದ್ಯರ ಎದುರು ಕುಳಿತು ಒಂದು ಮಾತು ಕೇಳಲಿ: ನೀವು ನೆಟ್ಟವುಗಳಲ್ಲಿ ಹಿಡಿಯದೆ ಹೋದವು ಎಷ್ಟು? ಆ ಲೆಕ್ಕ ಹೇಳಬಲ್ಲವರ ಕೈಯಲ್ಲಿ ಯಾವ ಪದ್ಧತಿಯಾದರೂ ನಂಬಿಕೆಗೆ ಹೆಚ್ಚು ಅರ್ಹ.